ಅಮ್ಮನ ವೀಲ್‌ಚೇರ್, ಲಂಡನ್–ಎಡಿನ್‌ಬರಾ ರೈಲು: ಊರಿಗಿಂತ ಮೊದಲು ನಿಲ್ದಾಣ ನೋಡಿ

ಪ್ರಶ್ನೆ: ನಮ್ಮದು ದಾವಣಗೆರೆ. ನನ್ನ ತಾಯಿಗೆ 69 ವರ್ಷ. ನಾಲ್ಕು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಭಾಗ ಸೋತಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಉಳಿದಂತೆ ಎಲ್ಲಕ್ಕೂ ವೀಲ್‌ಚೇರೇ. ತಂಗಿ ಎಡಿನ್‌ಬರಾದಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ಅಮ್ಮ, ನಾನು, ನನ್ನ ಹೆಂಡತಿ ಲಂಡನ್‌ಗೆ ಇಳಿದು, ಎರಡು ಮೂರು ದಿನ ಅಲ್ಲಿದ್ದು, ರೈಲಿನಲ್ಲಿ ಎಡಿನ್‌ಬರಾಕ್ಕೆ ಹೋಗಬೇಕೆಂದಿದ್ದೇವೆ. ದಾರಿಯಲ್ಲಿ ಯಾರ್ಕ್‌ನಲ್ಲಿ ಇಳಿದು ರೈಲ್ವೆ ಮ್ಯೂಸಿಯಂ ನೋಡುವ ಆಸೆ ನನಗಿದೆ. ಟ್ರಾವೆಲ್ ಏಜೆಂಟ್ "ಅಲ್ಲಿ ಎಲ್ಲಾ ವೀಲ್‌ಚೇರ್ ಫ್ರೆಂಡ್ಲಿ ಸಾರ್, ಚಿಂತೆ ಬೇಡ" ಎನ್ನುತ್ತಾರೆ. ತಂಗಿ "ಸುಮ್ಮನೆ ಕಾರು ಮಾಡಿಕೊಂಡು ಬನ್ನಿ" ಎನ್ನುತ್ತಾಳೆ. ಯಾರ ಮಾತು ಕೇಳಲಿ? ಅಂಗವಿಕಲರ ರಿಯಾಯಿತಿ ನಮಗೂ ಸಿಗುತ್ತದೆಯೇ? ಇಳಿಯುವ ಹೊತ್ತಿಗೆ ನೆರವಿಗೆ ಯಾರೂ ಬರದಿದ್ದರೆ ಏನು ಮಾಡುವುದು? ಇನ್ನೊಂದು, ಅಮ್ಮನಿಗೆ ಲಂಡನ್‌ನಲ್ಲಿರುವ ಬಸವಣ್ಣನ ಪ್ರತಿಮೆ ನೋಡಲೇಬೇಕಂತೆ.

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಆದರೂ ನನ್ನ ಓಟು ರೈಲಿಗೇ. ಲಂಡನ್‌ನಿಂದ ಎಡಿನ್‌ಬರಾ 600 ಕಿಲೋಮೀಟರ್ ದಾಟುತ್ತದೆ. ಕಾರಿನಲ್ಲಿ ಹೊರಟರೆ ಊಟಕ್ಕೆ, ಟಾಯ್ಲೆಟ್‌ಗೆ ಅಂತ ನಿಲ್ಲಿಸಿದಾಗಲೆಲ್ಲ ಅಮ್ಮನನ್ನು ಸೀಟಿನಿಂದ ಕುರ್ಚಿಗೆ, ಕುರ್ಚಿಯಿಂದ ಸೀಟಿಗೆ ಕೂರಿಸಬೇಕು. ಇಡೀ ದಿನ ಅದರಲ್ಲೇ ಕಳೆಯುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ರೈಲಿನಲ್ಲಾದರೆ ಸುಮಾರು ನಾಲ್ಕೂವರೆ ಗಂಟೆ. ಅಮ್ಮ ಕೂತ ಕುರ್ಚಿಯಿಂದ ಏಳಬೇಕಾಗಿಲ್ಲ, ವೀಲ್‌ಚೇರ್ ಹೊಗುವಷ್ಟು ದೊಡ್ಡ ಟಾಯ್ಲೆಟ್ ಪಕ್ಕದಲ್ಲೇ ಇರುತ್ತದೆ. ನ್ಯೂಕ್ಯಾಸಲ್ ದಾಟಿದ ಮೇಲೆ ಬಲಗಡೆ ಸಮುದ್ರವೂ ಕಾಣುತ್ತದೆ.

ಆದರೆ ಏಜೆಂಟರ "ಎಲ್ಲಾ ಫ್ರೆಂಡ್ಲಿ" ಮಾತನ್ನು ಹಾಗೇ ಒಪ್ಪಿಕೊಳ್ಳಬೇಡಿ. ಬ್ರಿಟನ್ನಿನ ರೈಲುಗಳು ಬಹುಮಟ್ಟಿಗೆ ಸಿದ್ಧವಾಗಿವೆ, ನಿಜ. 2020ರ ಜನವರಿ 1ರೊಳಗೆ ಪ್ರಯಾಣಿಕರ ರೈಲುಗಳು ಅಂಗವಿಕಲರ ಬಳಕೆಗೆ ಬರುವಂತಿರಬೇಕೆಂದು ಅಲ್ಲಿನ ಕಾನೂನು ಗಡುವು ಹಾಕಿತ್ತು. ಕೆಲವಕ್ಕೆ ಕೊಟ್ಟ ವಿನಾಯಿತಿ ಬಿಟ್ಟರೆ ಆ ಕೆಲಸ ಆಗಿದೆ. ನಿಲ್ದಾಣಗಳ ಕತೆ ಬೇರೆ. ಅವುಗಳಲ್ಲಿ ಬಹಳಷ್ಟು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದವು. ಈ ಪ್ಲಾಟ್‌ಫಾರ್ಮ್‌ನಿಂದ ಆ ಪ್ಲಾಟ್‌ಫಾರ್ಮ್‌ಗೆ ಹೋಗಲು ಇವತ್ತಿಗೂ ಮೆಟ್ಟಿಲಿನ ಮೇಲ್ಸೇತುವೆ ಒಂದೇ ದಾರಿ ಎನ್ನುವ ನಿಲ್ದಾಣಗಳು ಬೇಕಾದಷ್ಟಿವೆ. ಹಾಗಾಗಿ ನಮ್ಮಲ್ಲಿ ಮೊದಲು ಊರು, ಆಮೇಲೆ ಹೋಟೆಲ್, ಕೊನೆಗೆ ರೈಲು ಎಂದು ಯೋಚಿಸುವ ಕ್ರಮವನ್ನು ತಿರುಗಿಸಿಬಿಡಿ. ಮೊದಲು ನಿಲ್ದಾಣ ಗೊತ್ತುಮಾಡಿ. ಆ ನಿಲ್ದಾಣಕ್ಕೆ ಹತ್ತಿರದ ಹೋಟೆಲ್ ಹಿಡಿಯಿರಿ. ನೋಡುವ ಜಾಗಗಳು ಆಮೇಲೆ. ಈ ಒಂದು ವಿಷಯ ಸರಿಹೋದರೆ ಪ್ರವಾಸದ ಮುಕ್ಕಾಲು ಕಷ್ಟ ಅಲ್ಲೇ ಕಳೆಯಿತು.

ಇನ್ನೊಂದು ವಿಷಯವನ್ನು ಹೊರಡುವ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಕಡೆ ರೈಲು ಬಂದರೆ ಒಬ್ಬ ಪೋರ್ಟರ್, ಇಬ್ಬರು ನೆಂಟರು, ಪಕ್ಕದಲ್ಲಿ ನಿಂತ ಯಾರೋ ಒಬ್ಬ ಪುಣ್ಯಾತ್ಮ ಸೇರಿ ಕುರ್ಚಿಸಮೇತ ಎತ್ತಿ ಒಳಗಿಟ್ಟುಬಿಡುತ್ತಾರೆ. ಅಲ್ಲಿ ಹಾಗಿಲ್ಲ. ರೈಲ್ವೆ ಸಿಬ್ಬಂದಿ ಮನುಷ್ಯರನ್ನು ಎತ್ತುವುದಿಲ್ಲ, ಎಷ್ಟು ಕೇಳಿಕೊಂಡರೂ ಎತ್ತುವುದಿಲ್ಲ. ಅವರು ರಾಂಪ್ ಹಾಕುತ್ತಾರೆ, ಬೇಕಾದರೆ ಕುರ್ಚಿ ತಳ್ಳುತ್ತಾರೆ, ಸಾಮಾನು ಹಿಡಿಯುತ್ತಾರೆ. ಅಮ್ಮನನ್ನು ಕುರ್ಚಿಯಿಂದ ಸೀಟಿಗೆ ಕೂರಿಸುವುದಿದ್ದರೆ ಅದು ನಿಮ್ಮ ಮತ್ತು ನಿಮ್ಮ ಹೆಂಡತಿಯ ಕೆಲಸ. ನನ್ನನ್ನು ಕೇಳಿದರೆ ಕೂರಿಸುವುದೇ ಬೇಡ, ಅವರ ಕುರ್ಚಿಯಲ್ಲೇ ಇರಲಿ. ಟಿಕೆಟ್ ದರದ ಮಾತು ಬಂದಾಗ ಇದಕ್ಕೆ ಇನ್ನೊಂದು ಕಾರಣವನ್ನೂ ಹೇಳುತ್ತೇನೆ.

ರಾಂಪ್ ಯಾಕೆ ಬೇಕು ಎಂದರೆ, ಅಲ್ಲಿನ ಪ್ಲಾಟ್‌ಫಾರ್ಮ್‌ಗಳ ನಿಗದಿತ ಎತ್ತರ ಹಳಿಯಿಂದ 915 ಮಿಲಿಮೀಟರ್. ಹೆಚ್ಚಿನ ರೈಲುಗಳ ನೆಲ ಅದಕ್ಕಿಂತ ಮೇಲಿರುತ್ತದೆ, ನಡುವೆ ಸಂದೂ ಇರುತ್ತದೆ. ನಮ್ಮ ಮೆಟ್ರೊದಲ್ಲಿ ಕುರ್ಚಿ ತಳ್ಳಿಕೊಂಡು ಸೀದಾ ಒಳಗೆ ಹೋಗುವ ಹಾಗೆ ಇಲ್ಲಿ ಆಗುವುದಿಲ್ಲ. ಆದ್ದರಿಂದ ಪ್ರತಿ ಹತ್ತುವಿಕೆಗೂ ಪ್ರತಿ ಇಳಿಯುವಿಕೆಗೂ ಒಬ್ಬ ಮನುಷ್ಯ ರಾಂಪ್ ಹಿಡಿದು ಬರಬೇಕು. ಆ ಮನುಷ್ಯ ಸರಿಯಾದ ಹೊತ್ತಿಗೆ ಸರಿಯಾದ ಬಾಗಿಲಿಗೆ ಬರುವಂತೆ ಮಾಡುವುದೇ ಈ ಪ್ರಯಾಣದ ಯೋಜನೆ.

ಈಗ ನಿಲ್ದಾಣಗಳು. ಬ್ರಿಟನ್ನಿನ ಪ್ರತಿ ರೈಲು ನಿಲ್ದಾಣಕ್ಕೂ ನ್ಯಾಷನಲ್ ರೈಲ್ ಜಾಲತಾಣದಲ್ಲಿ ಒಂದು ಪುಟ ಇದೆ. ಅದರಲ್ಲಿ ಮೆಟ್ಟಿಲಿಲ್ಲದ ದಾರಿಯ ಬಗ್ಗೆ ಎ, ಬಿ, ಸಿ ಎಂದು ದರ್ಜೆ ಕೊಟ್ಟಿರುತ್ತಾರೆ. ಎ ಎಂದರೆ ಎಲ್ಲ ಪ್ಲಾಟ್‌ಫಾರ್ಮ್‌ಗೂ ಮೆಟ್ಟಿಲಿಲ್ಲದೆ ಹೋಗಬಹುದು. ಸಿ ಎಂದರೆ ಯಾವುದಕ್ಕೂ ಆಗದು. ಮೋಸ ಹೋಗುವುದು ಬಿ ದರ್ಜೆಯಲ್ಲಿ. ಒಂದು ಪ್ಲಾಟ್‌ಫಾರ್ಮ್‌ಗೆ ದಾರಿ ಇರುತ್ತದೆ, ಎದುರಿನದಕ್ಕೆ ಇರುವುದಿಲ್ಲ. ಹೋಗುವಾಗ ಸಲೀಸಾಗಿ ಹೋಗಿ, ಬರುವಾಗ ಸಿಕ್ಕಿಹಾಕಿಕೊಳ್ಳುವವರು ಇಂಥಲ್ಲೇ. ಬಿ ಎಂದು ಕಂಡರೆ ಕೆಳಗಿನ ವಿವರಣೆಯನ್ನು ಪೂರ್ತಿ ಓದಿ. ಅಂಥ ನಿಲ್ದಾಣಕ್ಕೇ ಹೋಗಬೇಕಾಗಿ ಬಂದರೂ ದಾರಿಯಿದೆ. ಹತ್ತಿರದ ಅನುಕೂಲವಿರುವ ನಿಲ್ದಾಣದಿಂದ ಅಲ್ಲಿಗೆ ವೀಲ್‌ಚೇರ್ ಹೋಗುವ ಟ್ಯಾಕ್ಸಿಯನ್ನು ರೈಲ್ವೆ ಕಂಪನಿಯೇ, ಹೆಚ್ಚಿನ ಹಣ ಕೇಳದೆ, ಮಾಡಿಕೊಡಬೇಕು. ನೆರವು ಬುಕ್ ಮಾಡುವಾಗಲೇ ಇದನ್ನು ಕೇಳಬೇಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ನಿಮ್ಮ ಪುಣ್ಯ, ನಿಮ್ಮ ದಾರಿಯ ನಿಲ್ದಾಣಗಳೆಲ್ಲ ದೊಡ್ಡವು, ಸಿಬ್ಬಂದಿ ಇರುವಂಥವು. ಎಡಿನ್‌ಬರಾ ರೈಲು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹೊರಡುತ್ತದೆ. ಹಾಗಾಗಿ ಹೋಟೆಲನ್ನೂ ಕಿಂಗ್ಸ್ ಕ್ರಾಸ್ ಆಸುಪಾಸಿನಲ್ಲೇ ಹಿಡಿಯಿರಿ. ನಾಲ್ಕು ಕಾಸು ಹೆಚ್ಚಾದರೂ ಸರಿ, ಹೊರಡುವ ದಿನ ಬೆಳಿಗ್ಗೆ ಕುರ್ಚಿ ತಳ್ಳಿಕೊಂಡೇ ನಿಲ್ದಾಣಕ್ಕೆ ಹೋಗಬಹುದು. ರೂಮು ಹಿಡಿಯುವಾಗ "ಅಕ್ಸೆಸಿಬಲ್ ರೂಮ್" ಎಂದು ಬರೆದಿರುವುದು ಸಾಲದು. ಅಂಥ ಕೆಲವು ರೂಮುಗಳಲ್ಲಿ ಹಿಡಿಕೆ ಹಾಕಿದ ಬಾತ್‌ಟಬ್ ಮಾತ್ರ ಇರುತ್ತದೆ. ಅದರ ಅಂಚು ದಾಟಲು ನಿಮ್ಮ ತಾಯಿಯವರಿಗೆ ಆಗುವುದಿಲ್ಲ. "ವೆಟ್ ರೂಮ್ ಬೇಕು" ಎಂದು ಕೇಳಿ. ಹಾಗೆಂದರೆ ನೆಲಮಟ್ಟದಲ್ಲೇ ನೀರು ಹರಿದುಹೋಗುವ, ಕೂತು ಸ್ನಾನ ಮಾಡುವ ಬಚ್ಚಲು.

ಹೀಥ್ರೋ ವಿಮಾನ ನಿಲ್ದಾಣದಿಂದ ಊರೊಳಗೆ ಬರಲು 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ನಿಮಗೆ ವರದಾನ. ಅದರ 41 ನಿಲ್ದಾಣಗಳಲ್ಲೂ ಬೀದಿಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದ ದಾರಿ ಇದೆ. ಹೀಥ್ರೋದಲ್ಲೂ ಪ್ಯಾಡಿಂಗ್ಟನ್‌ನಿಂದ ವೂಲಿಚ್‌ವರೆಗಿನ ಹೊಸ ನಿಲ್ದಾಣಗಳಲ್ಲೂ ರೈಲಿನ ನೆಲ ಪ್ಲಾಟ್‌ಫಾರ್ಮ್‌ಗೆ ಸಮ, ರಾಂಪ್ ಕೂಡ ಬೇಡ. ಕಿಂಗ್ಸ್ ಕ್ರಾಸ್‌ಗೆ ಅದು ಹೋಗುವುದಿಲ್ಲ. ಸಾಮಾನು ಕಮ್ಮಿ ಇದ್ದರೆ ಫ್ಯಾರಿಂಗ್ಡನ್‌ನಲ್ಲಿ ಇಳಿದು ಥೇಮ್ಸ್‌ಲಿಂಕ್ ರೈಲು ಹಿಡಿದು ಮುಂದಿನ ನಿಲ್ದಾಣ ಸೇಂಟ್ ಪ್ಯಾಂಕ್ರಸ್‌ನಲ್ಲಿ ಇಳಿಯಬಹುದು. ಕಿಂಗ್ಸ್ ಕ್ರಾಸ್ ಅದರ ಪಕ್ಕದ್ದೇ. ಈ ಎರಡೂ ಕಡೆ ಪ್ಲಾಟ್‌ಫಾರ್ಮ್‌ನ ಒಂದು ಭಾಗವನ್ನು ಎತ್ತರಿಸಿ ವೀಲ್‌ಚೇರ್ ಗುರುತು ಹಾಕಿದ್ದಾರೆ. ಅಲ್ಲೇ ನಿಂತರೆ ಬಾಗಿಲು ಎದುರಿಗೇ ಬರುತ್ತದೆ. ಆದರೆ ನೀವು ಬೆಂಗಳೂರಿನಿಂದ ಹತ್ತು ಗಂಟೆ ಮೇಲ್ಪಟ್ಟು ಹಾರಿ ಬಂದಿರುತ್ತೀರಿ, ತಂಗಿಗೆ ಅಂತ ಉಪ್ಪಿನಕಾಯಿ ಚಟ್ನಿಪುಡಿ ತುಂಬಿದ ಸೂಟ್‌ಕೇಸುಗಳೂ ಇರುತ್ತವೆ. ಆ ದಿನ ಪ್ಯಾಡಿಂಗ್ಟನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬ್ಲ್ಯಾಕ್ ಕ್ಯಾಬ್ ಹಿಡಿಯಿರಿ. ಲಂಡನ್ನಿನ ಬ್ಲ್ಯಾಕ್ ಕ್ಯಾಬ್‌ಗಳಲ್ಲೆಲ್ಲ ರಾಂಪ್ ಇರುತ್ತದೆ, ಅಮ್ಮ ಕುರ್ಚಿಯಲ್ಲಿ ಕೂತಹಾಗೇ ಒಳಗೆ ಹೋಗಬಹುದು. ವೀಲ್‌ಚೇರ್ ಇದೆ ಎಂದು ಹೆಚ್ಚು ದುಡ್ಡು ಕೇಳುವುದು ಅಲ್ಲಿ ಕಾನೂನಿಗೆ ವಿರುದ್ಧ.

ಲಂಡನ್ನಿನ ಹಳೆಯ ನೆಲದಡಿ ರೈಲುಗಳ, ಅಂದರೆ ಟ್ಯೂಬ್‌ನ ಬಗ್ಗೆ ಎರಡೇ ಮಾತು. ನಕ್ಷೆಯಲ್ಲಿ ನಿಲ್ದಾಣದ ಹೆಸರಿನ ಜೊತೆ ನೀಲಿ ವೃತ್ತದಲ್ಲಿ ವೀಲ್‌ಚೇರ್ ಇದ್ದರೆ ಬೀದಿಯಿಂದ ರೈಲಿನ ಒಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತವಾದರೆ ಪ್ಲಾಟ್‌ಫಾರ್ಮ್‌ವರೆಗೆ ಮಾತ್ರ. ಎರಡೂ ಇಲ್ಲದ ನಿಲ್ದಾಣಗಳೇ ಜಾಸ್ತಿ, ಅವುಗಳನ್ನು ಮರೆತುಬಿಡಿ.

ಇನ್ನು ಬುಕಿಂಗ್. ಇಲ್ಲಿ ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ಮೊದಲು ವೀಲ್‌ಚೇರ್ ಜಾಗ, ಆಮೇಲೆ ಟಿಕೆಟ್. ಇಷ್ಟುದ್ದದ ರೈಲಿನಲ್ಲಿ ವೀಲ್‌ಚೇರ್ ನಿಲ್ಲಿಸುವ ಜಾಗ ಬೆರಳೆಣಿಕೆಯಷ್ಟು. ಅಗ್ಗದ "ಅಡ್ವಾನ್ಸ್" ಟಿಕೆಟ್ ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ, ವಾಪಸು ಕೊಟ್ಟರೆ ಹಣ ಬರುವುದಿಲ್ಲ. ಏಜೆಂಟರು ಮೂರು ಸಾಮಾನ್ಯ ಟಿಕೆಟ್ ತೆಗೆದು ಕೈಗಿಟ್ಟು, ಆ ರೈಲಿನ ವೀಲ್‌ಚೇರ್ ಜಾಗ ಬೇರೆಯವರ ಹೆಸರಿಗೆ ಹೋಗಿದೆ ಎಂದು ಆಮೇಲೆ ಗೊತ್ತಾದರೆ ಮೂರೂ ಟಿಕೆಟ್ ದಂಡವಾಗಬಹುದು. ಜಾಗಕ್ಕೆ ಪ್ರತ್ಯೇಕ ಶುಲ್ಕ ಇಲ್ಲ. ಅದರ ಪಕ್ಕದಲ್ಲಿ ಜೊತೆಗಾರರಿಗೆ ಸೀಟು ಸಿಗುತ್ತದೆ. ಒಂದೇ ಸಿಕ್ಕಿದರೆ ನಿಮ್ಮಲ್ಲೊಬ್ಬರು ಅಮ್ಮನ ಪಕ್ಕ, ಇನ್ನೊಬ್ಬರು ಅದೇ ಬೋಗಿಯಲ್ಲಿ ಬೇರೆ ಕಡೆ ಕೂರಬೇಕಾಗುತ್ತದೆ.

ರಾಂಪ್ ಹಾಕುವ ನೆರವಿಗೆ "ಪ್ಯಾಸೆಂಜರ್ ಅಸಿಸ್ಟ್" ಎಂದು ಹೆಸರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಒಂದೇ ವ್ಯವಸ್ಥೆ, ಪೂರ್ತಿ ಉಚಿತ, ಯಾವ ದೇಶದವರು ಎಂದು ಕೇಳುವುದಿಲ್ಲ, ಅಂಗವಿಕಲತೆಯ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಮೊದಲೆಲ್ಲ ಹಿಂದಿನ ದಿನವೇ ಹೇಳಬೇಕಿತ್ತು. 2022ರ ಏಪ್ರಿಲ್‌ನಿಂದ ರೈಲಿಗೆ ಎರಡು ಗಂಟೆ ಮುಂಚೆ ಹೇಳಿದರೂ ಸಾಕು. ಹೇಳದೆಯೇ ನಿಲ್ದಾಣಕ್ಕೆ ಹೋಗಿ ಕೇಳುವ ಹಕ್ಕೂ ಇದೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ, ಮುಂಚೆಯೇ ಮಾಡಿಕೊಳ್ಳಿ. ಆನ್‌ಲೈನ್‌ನಲ್ಲಿ ಮಾಡಬಹುದು, ಫೋನಿನಲ್ಲೂ ಮಾಡಬಹುದು. ಅಲ್ಲಿನ ಉಚಿತ ಸಂಖ್ಯೆಗಳಿಗೆ ಇಲ್ಲಿಂದ ಕರೆ ಮಾಡಲು ಹೆಣಗಾಡುವ ಬದಲು ತಂಗಿಗೆ ಹೇಳಿ, ಅವರು ಅಲ್ಲಿಂದಲೇ ಮಾತಾಡಲಿ. ಕಾರಿನ ಬಗ್ಗೆ ಹೇಳಿದವರು ಅವರೇ ತಾನೆ, ಈ ಕೆಲಸವೂ ಇರಲಿ.

ಫಾರಂ ತುಂಬುವಾಗ ನಮ್ಮವರು ಮಾಡುವುದು ಒಂದೇ ತಪ್ಪು: ಸಂಕೋಚ. "ಸ್ವಲ್ಪ ಹಿಡಿದುಕೊಂಡರೆ ನಡೀತಾರೆ, ಅಡ್ಜಸ್ಟ್ ಮಾಡ್ಕೋತೀವಿ" ಎಂದು ಬರೆದುಬಿಡುತ್ತಾರೆ. ಅದನ್ನು ಓದಿದ ಸಿಬ್ಬಂದಿ ರಾಂಪ್ ತರದೆ ಕೈ ಹಿಡಿದುಕೊಳ್ಳಲು ಬರುತ್ತಾರೆ. ನಿಮ್ಮ ತಾಯಿ ನಾಲ್ಕು ಹೆಜ್ಜೆ ಇಡುತ್ತಾರೆ ಎನ್ನುವುದು ಬಚ್ಚಲುಮನೆಗೆ ಉಪಯೋಗ, ರೈಲಿಗಲ್ಲ. ಮೆಟ್ಟಿಲು ಹತ್ತಲಾರರು, ಪೂರ್ತಿ ಪ್ರಯಾಣ ಅವರದೇ ವೀಲ್‌ಚೇರ್‌ನಲ್ಲಿ, ಹತ್ತಲೂ ಇಳಿಯಲೂ ರಾಂಪ್ ಬೇಕು, ಜೊತೆಗೆ ಇಬ್ಬರು, ಇಷ್ಟು ಸಾಮಾನು ಎಂದು ನೇರವಾಗಿ ಬರೆಯಿರಿ. ಕುರ್ಚಿಯ ಅಳತೆ ಕೇಳುತ್ತಾರೆ. ಸಾಮಾನ್ಯ ಮಿತಿ ಅಗಲ 70, ಉದ್ದ 120 ಸೆಂಟಿಮೀಟರ್. ಅಮ್ಮನನ್ನು ಕೂರಿಸಿ, ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಹಿಮ್ಮಡಿಯ ಹಿಂದಿನಿಂದಲ್ಲ, ಕಾಲಿನ ತುದಿಯಿಂದ ಹಿಂದಿನ ಚಕ್ರದ ಕೊನೆಯವರೆಗೆ ಟೇಪು ಹಿಡಿಯಿರಿ. ಅಗಲವನ್ನು ಚಕ್ರದ ಹೊರಗೆ ಕೈಯಿಂದ ತಿರುಗಿಸಲು ಇರುವ ಬಳೆಯಿಂದ ಆ ಕಡೆಯ ಬಳೆಯವರೆಗೆ ಅಳೆಯಿರಿ. ಮಡಚುವ ಸಾಮಾನ್ಯ ಕುರ್ಚಿಯಾದರೆ ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ, ವಿಮಾನದಲ್ಲೂ ಬ್ಯಾಟರಿಯ ತಕರಾರಿಲ್ಲ. ಎಲೆಕ್ಟ್ರಿಕ್ ಕುರ್ಚಿ ಈ ಪ್ರವಾಸಕ್ಕೆ ಬೇಡ.

ಯಾರ್ಕ್‌ನಲ್ಲಿ ಇಳಿಯುವುದಾದರೆ ನಿಮ್ಮದು ಎರಡು ಪ್ರಯಾಣ. ಕಿಂಗ್ಸ್ ಕ್ರಾಸ್‌ನಲ್ಲಿ ಹತ್ತಲು, ಯಾರ್ಕ್‌ನಲ್ಲಿ ಇಳಿಯಲು, ಮತ್ತೆ ಹತ್ತಲು, ಎಡಿನ್‌ಬರಾ ವೇವರ್ಲಿಯಲ್ಲಿ ಇಳಿಯಲು, ನಾಲ್ಕೂ ಕಡೆ ನೆರವು ದಾಖಲಾಗಿದೆಯೇ ಎಂದು ಖಚಿತಪಡಿಸುವ ಇ-ಮೇಲ್‌ನಲ್ಲಿ ನೋಡಿ. ಅದನ್ನು ಮುದ್ರಿಸಿ ಅಮ್ಮನ ಚೀಲದಲ್ಲಿಡಿ. ಫೋನ್ ಚಾರ್ಜು ಹೋಗುವುದು ಯಾವಾಗಲೂ ಬೇಡದ ಹೊತ್ತಿನಲ್ಲೇ.

ಹೊರಡುವ ದಿನ ಕನಿಷ್ಠ 20 ನಿಮಿಷ, ನಿಮ್ಮ ಲಗೇಜಿಗೆ ಅರ್ಧ ಗಂಟೆ ಮುಂಚೆ ಕಿಂಗ್ಸ್ ಕ್ರಾಸ್‌ನಲ್ಲಿ ನೆರವಿನ ಕೌಂಟರಿಗೆ ಹೋಗಿ ಹೆಸರು ಹೇಳಿ. ಅಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಕೊನೇ ಗಳಿಗೆಯಲ್ಲಿ ಬೋರ್ಡಿಗೆ ಬರುತ್ತದೆ, ಬಂದಕೂಡಲೇ ಜನ ಓಡುತ್ತಾರೆ. ನೆರವಿನವರಿಗೆ ಅದು ಸಾಮಾನ್ಯವಾಗಿ ಮೊದಲೇ ತಿಳಿದಿರುತ್ತದೆ, ನಿಮ್ಮನ್ನು ನೂಕುನುಗ್ಗಲಿಗೆ ಮುಂಚೆ ಕರೆದೊಯ್ಯುತ್ತಾರೆ. ಬಾಗಿಲ ಹತ್ತಿರ ಸೂಟ್‌ಕೇಸಿನಂತೆ ಮಡಚಿದ ರಾಂಪ್ ತಂದು, ಬಿಚ್ಚಿ, ಅದರ ಕೊಕ್ಕೆಗಳನ್ನು ರೈಲಿನ ಹೊಸ್ತಿಲಿಗೆ ಸಿಕ್ಕಿಸಿ, ಒಮ್ಮೆ ಕಾಲಲ್ಲಿ ಒತ್ತಿ ನೋಡುತ್ತಾರೆ. ಆ ಒತ್ತಿ ನೋಡುವುದಾಗುವವರೆಗೆ ನೀವು ಕುರ್ಚಿ ಮುಂದೆ ತಳ್ಳಬೇಡಿ. ರಾಂಪ್‌ನ ಬುಡದಲ್ಲಿ ಫುಟ್‌ರೆಸ್ಟ್ ತಗಲುತ್ತದೆ, ಮುಂದಿನ ಚಿಕ್ಕ ಚಕ್ರ ತಡೆಯುತ್ತದೆ. ಅಲ್ಲಿ ಹಿಂದಿನಿಂದ ಹಿಡಿಕೆಯನ್ನು ತುಸು ಕೆಳಗೊತ್ತಿ ಮುಂಭಾಗ ಎತ್ತಿ ಹತ್ತಿಸಬೇಕು. ಅಮ್ಮನ ಬಲಗೈಗೆ ಹಿಡಿತ ಇಲ್ಲವಲ್ಲ, ಆ ಕೈಯನ್ನು ಮಡಿಲಲ್ಲಿ ಇಡಿಸಿ ಬೆಲ್ಟ್ ಹಾಕಿ. ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಮೊಣಕೈ ತಾಗುತ್ತದೆ. ಇಳಿಯುವಾಗ ಮಾತ್ರ ಮುಖ ರೈಲಿನ ಕಡೆ, ಬೆನ್ನು ಹೊರಗೆ. ಹಿಮ್ಮುಖವಾಗಿಯೇ ಇಳಿಸಬೇಕು. ಮುಂದಕ್ಕೆ ಇಳಿಸಿದರೆ ಬಲಭಾಗ ಸೋತವರು ಆ ಇಳಿಜಾರಿನಲ್ಲಿ ಮುಗ್ಗರಿಸುವ ಅಪಾಯ ಇದೆ. ಸಿಬ್ಬಂದಿಗೆ ಇದು ಗೊತ್ತಿರುತ್ತದೆ, ಅವರ ಕೈಗೇ ಬಿಡುವುದು ಒಳ್ಳೆಯದು. ಇದನ್ನು ಹೊರಡುವ ಮೊದಲು ನಿಮ್ಮೂರಿನ ಯಾವುದಾದರೂ ಆಸ್ಪತ್ರೆಯ ರಾಂಪ್‌ನಲ್ಲಿ ಒಂದೆರಡು ಸಲ ಮಾಡಿ ನೋಡಿ. ಅಮ್ಮನಿಗೂ ಅಂಜಿಕೆ ಹೋಗುತ್ತದೆ.

ಒಳಗೆ ಹೋದಾಗ ಆ ಜಾಗದಲ್ಲಿ ಯಾರದೋ ಪೆಟ್ಟಿಗೆಗಳು, ಮಕ್ಕಳ ತಳ್ಳುಗಾಡಿ ಇರಬಹುದು. ಮುಜುಗರ ಬೇಡ, ಆ ಜಾಗ ವೀಲ್‌ಚೇರ್‌ಗೇ ಮೊದಲು. ನೀವು ಹೇಳುವುದಕ್ಕಿಂತ ಸಿಬ್ಬಂದಿಯಿಂದ ಹೇಳಿಸಿದರೆ ಬೇಗ ಖಾಲಿಯಾಗುತ್ತದೆ. ರಾಂಪ್ ಹಾಕಿದವರು ಹೋಗುವ ಮೊದಲು ಎರಡು ಮಾತು ಕೇಳಿ: ಮುಂದಿನ ನಿಲ್ದಾಣಕ್ಕೆ ನಮ್ಮ ಬೋಗಿ ಯಾವುದೆಂದು ತಿಳಿಸಿದ್ದೀರಾ? ರೈಲಿನಲ್ಲಿರುವ ಗಾರ್ಡ್‌ಗೆ ನಾವು ಎಲ್ಲಿ ಇಳಿಯುತ್ತೇವೆ ಎಂದು ಗೊತ್ತೇ? ನೆರವು ತಪ್ಪುವುದು ಬಹುಪಾಲು ಈ ಸಂದೇಶ ಮುಟ್ಟದೆ, ಬೇರಾವುದರಿಂದಲೂ ಅಲ್ಲ.

ಹೌದು, ತಪ್ಪುತ್ತದೆ. ಟ್ಯಾನಿ ಗ್ರೇ-ಥಾಂಪ್ಸನ್ ಎಂಬುವರ ಹೆಸರು ನೀವು ಕೇಳಿರಬಹುದು. ಪ್ಯಾರಾಲಿಂಪಿಕ್ಸ್‌ನಲ್ಲಿ 11 ಚಿನ್ನ ಗೆದ್ದವರು, ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸದಸ್ಯೆ. 2024ರ ಆಗಸ್ಟ್‌ನಲ್ಲಿ ಲೀಡ್ಸ್‌ನಿಂದ ಬಂದು ಇದೇ ಕಿಂಗ್ಸ್ ಕ್ರಾಸ್‌ನಲ್ಲಿ ಇಳಿಯಬೇಕಾಗಿದ್ದಾಗ ರಾಂಪ್ ತರುವವರು ಯಾರೂ ಬರಲಿಲ್ಲ. ಕಾದು ಕಾದು ಕೊನೆಗೆ ಅವರು ಕುರ್ಚಿಯಿಂದ ಇಳಿದು, ಸಾಮಾನನ್ನು ಪ್ಲಾಟ್‌ಫಾರ್ಮ್‌ಗೆ ತಳ್ಳಿ, ತೆವಳಿಕೊಂಡು ಹೊರಬಂದರು. ಮರುದಿನ ದೊಡ್ಡ ಸುದ್ದಿಯಾಯಿತು, ಕಂಪನಿ ಕ್ಷಮೆ ಕೇಳಿತು. ಅವರು ಬುಕ್ ಮಾಡಿದ್ದ ರೈಲು ತಪ್ಪಿ ಮುಂದಿನ ರೈಲು ಹತ್ತಿದ್ದರು ಎನ್ನುವುದನ್ನು ಗಮನಿಸಿ. ಅದರಿಂದ ರೈಲ್ವೆಯ ತಪ್ಪು ಕಮ್ಮಿಯಾಗುವುದಿಲ್ಲ. ನಿಮಗೆ ಮಾತ್ರ ಅದರಲ್ಲಿ ಒಂದು ಸೂಚನೆ ಇದೆ. ರೈಲು ಬದಲಾದರೆ ಹಳೆಯ ಬುಕಿಂಗ್ ಲೆಕ್ಕಕ್ಕಿಲ್ಲ ಎಂದೇ ತಿಳಿಯಿರಿ, ಹೊಸ ರೈಲು ಹತ್ತುವ ಮೊದಲು ಎಲ್ಲವನ್ನೂ ಮತ್ತೆ ಹೇಳಿ.

ಯಾರೂ ಬರದಿದ್ದರೆ ಮಾಡಬೇಕಾದದ್ದು ಇಷ್ಟು. ನಿಲ್ದಾಣ ಬರುವ ಹತ್ತು ನಿಮಿಷ ಮೊದಲೇ ನಿಮ್ಮ ಹೆಂಡತಿ ಅಮ್ಮನ ಜೊತೆ ಸಾಮಾನು ಸಿದ್ಧ ಮಾಡಿಕೊಳ್ಳಲಿ, ನೀವು ಬಾಗಿಲಲ್ಲಿ ನಿಲ್ಲಿ. ಬಾಗಿಲು ತೆರೆದಾಗ ರಾಂಪ್ ಕಾಣದಿದ್ದರೆ ಬಾಗಿಲಲ್ಲೇ ನಿಂತು ಪ್ಲಾಟ್‌ಫಾರ್ಮ್‌ನಲ್ಲಿರುವ ಸಮವಸ್ತ್ರದವರಿಗೆ ಕೈಬೀಸಿ, ಗಟ್ಟಿಯಾಗಿ ಕೂಗಿ. ಹೆಂಡತಿ ವೀಲ್‌ಚೇರ್ ಜಾಗದ ಪಕ್ಕದ ಕರೆಗುಂಡಿ ಒತ್ತಲಿ, ಅದು ರೈಲಿನ ಸಿಬ್ಬಂದಿಗೆ ಕೇಳುತ್ತದೆ. ಎಡಿನ್‌ಬರಾದಲ್ಲೇ ಕೊನೆಯಾಗುವ ರೈಲನ್ನು ಆರಿಸಿಕೊಂಡರೆ ಗಾಬರಿ ಕಮ್ಮಿ. ರೈಲು ಮುಂದೆ ಹೋಗುವುದಿಲ್ಲ, ಕೊನೆಯ ನಿಲ್ದಾಣದಲ್ಲಿ ರೈಲು ಬಂದ ಐದು ನಿಮಿಷದೊಳಗೆ ನೆರವು ಬರಬೇಕೆಂಬ ನಿಯಮವೂ ಇದೆ. ಅದೇ ಮಾರ್ಗದಲ್ಲಿ ಅಬರ್ಡೀನ್‌ಗೆ ಮುಂದುವರಿಯುವ ರೈಲುಗಳೂ ಇವೆ, ಅವು ಬೇಡ. ಯಾರ್ಕ್‌ನಲ್ಲಿ ಮಾತ್ರ ರೈಲು ನಿಲ್ಲುವುದು ಕೆಲವೇ ನಿಮಿಷ, ಅಲ್ಲಿ ಎಚ್ಚರ ಬೇಕು. ನೆರವು ತಪ್ಪಿದರೆ ಆಮೇಲೆ ಬುಕಿಂಗ್ ಸಂಖ್ಯೆ ಸಮೇತ ಕಂಪನಿಗೆ ಬರೆಯಿರಿ, ಪರಿಹಾರ ಕೊಡಬೇಕಾದದ್ದು ಅವರ ಬಾಧ್ಯತೆ. ನಮ್ಮವರು "ಹೋಗಲಿ ಬಿಡಿ" ಎಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೂ ಯಾರ್ಕ್ ಬೇಕೇ ಎಂದರೆ, ಬೇಕು. ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ನಿಲ್ದಾಣದ ಬೆನ್ನಿಗೇ ಇದೆ, ಪ್ರವೇಶ ಉಚಿತ, ನೆಲ ಸಮತಟ್ಟು. ಉಗಿಬಂಡಿಯಲ್ಲಿ 1938ರಲ್ಲಿ ಗಂಟೆಗೆ 126 ಮೈಲಿ ವೇಗದ ದಾಖಲೆ ಮಾಡಿದ ನೀಲಿ ಮಲ್ಲಾರ್ಡ್ ಎಂಜಿನ್ ಇರುವುದು ಅಲ್ಲೇ. ಊರಿನ ಹಳೇ ಬೀದಿ ಶಾಂಬಲ್ಸ್‌ಗೆ ಮಾತ್ರ ಕುರ್ಚಿ ಒಯ್ಯಬೇಡಿ. ಕಲ್ಲುಹಾಸು, ಇಕ್ಕಟ್ಟು, ಅದರ ಮೇಲೆ ಜನಜಂಗುಳಿ.

ದಿನ ಗೊತ್ತುಮಾಡುವಾಗ ಭಾನುವಾರ ಬಿಡಿ. ಮೇ ತಿಂಗಳಲ್ಲಿ ಮೊದಲ ಸೋಮವಾರ, ಕೊನೆಯ ಸೋಮವಾರ ರಜೆ ಇರುತ್ತದೆ, ಆ ವಾರಾಂತ್ಯಗಳನ್ನೂ ಬಿಡಿ. ಹಳಿ ರಿಪೇರಿಯನ್ನು ಅಲ್ಲಿ ಇಂಥ ದಿನಗಳಿಗೇ ಇಟ್ಟುಕೊಳ್ಳುತ್ತಾರೆ, ರೈಲಿನ ಬದಲು ಬಸ್ ಬಿಡುತ್ತಾರೆ. ಆ ಬಸ್ಸಿಗೆ ಕುರ್ಚಿ ಹತ್ತದಿದ್ದರೆ ಟ್ಯಾಕ್ಸಿ ಕೊಡಬೇಕು ಎನ್ನುವುದು ಸರಿ, ಆದರೆ ಅದನ್ನು ಕಾಯುತ್ತಾ ನಿಲ್ಲುವವರು ನೀವು. ಮಂಗಳವಾರ, ಬುಧವಾರ, ಬೆಳಿಗ್ಗೆ ಹತ್ತರ ನಂತರದ ರೈಲು ನನ್ನ ಆಯ್ಕೆ.

ರಿಯಾಯಿತಿಯ ಪ್ರಶ್ನೆ. ನಮ್ಮ ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಅಲ್ಲಿ ಟಿಕೆಟ್‌ಗೆ ನಡೆಯುವುದಿಲ್ಲ. ಅಲ್ಲಿನ ಅಂಗವಿಕಲರ ರೈಲ್‌ಕಾರ್ಡ್‌ಗೆ ಬಹುಪಾಲು ಆ ದೇಶದ ಸವಲತ್ತಿನ ಪತ್ರಗಳನ್ನೇ ಕೇಳುತ್ತಾರೆ, ಪ್ರವಾಸಕ್ಕೆ ಬಂದವರಿಗೆ ಅದರ ಹಿಂದೆ ಬೀಳುವುದು ದಂಡ. ಆದರೆ ಕಾರ್ಡೇ ಇಲ್ಲದೆ ಸಿಗುವ ಒಂದು ರಿಯಾಯಿತಿ ಇದೆ. ಪ್ರಯಾಣದುದ್ದಕ್ಕೂ ಸ್ವಂತ ವೀಲ್‌ಚೇರ್‌ನಲ್ಲೇ ಕೂತಿರುವವರಿಗೆ, ಜೊತೆಗೆ ಒಬ್ಬ ದೊಡ್ಡವರಿಗೆ, ಯಾವ ಹೊತ್ತಿನ ರೈಲಿಗೂ ನಡೆಯುವ "ಎನಿಟೈಮ್" ಟಿಕೆಟ್‌ನಲ್ಲಿ ಶೇ 34 ಕಡಿತ. ಅದೇ ದಿನ ಹೋಗಿ ಬರುವ ಎನಿಟೈಮ್ ಟಿಕೆಟ್‌ಗೆ ಶೇ 50. ಅಮ್ಮನನ್ನು ಕುರ್ಚಿಯಲ್ಲೇ ಬಿಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಇದನ್ನು ನಿಲ್ದಾಣದ ಟಿಕೆಟ್ ಕೌಂಟರಿನಲ್ಲೇ ಕೇಳಿ ತೆಗೆದುಕೊಳ್ಳಬೇಕು. ಖುಷಿಪಡುವ ಮುನ್ನ ಲೆಕ್ಕ ಹಾಕಿ: ಎನಿಟೈಮ್ ಎನ್ನುವುದೇ ಅತಿ ದುಬಾರಿ ಟಿಕೆಟ್. ಅದರ ಮೇಲಿನ ಮೂರನೇ ಒಂದು ಕಡಿತಕ್ಕಿಂತ, ಸುಮಾರು ಹನ್ನೆರಡು ವಾರ ಮೊದಲು ತೆಗೆದ ಅಡ್ವಾನ್ಸ್ ಟಿಕೆಟ್ ಪೂರ್ತಿ ದರದಲ್ಲೇ ಅಗ್ಗವಾಗಿರುವುದುಂಟು. ನಿಮ್ಮಂಥ ದೂರದ, ದಿನ ಗೊತ್ತಿರುವ ಪ್ರಯಾಣಕ್ಕೆ ಅಡ್ವಾನ್ಸ್. ಎಡಿನ್‌ಬರಾದಲ್ಲಿದ್ದಾಗ ಗ್ಲಾಸ್ಗೋಗೆ ಬೆಳಿಗ್ಗೆ ಹೋಗಿ ಸಂಜೆ ಬರುವಂಥದ್ದಕ್ಕೆ ಈ ರಿಯಾಯಿತಿ. ಹೊರದೇಶದ ಪ್ರವಾಸಿಗರಿಗೆಂದೇ ಇರುವ ಬ್ರಿಟ್‌ರೈಲ್ ಪಾಸ್ ಮಾರುವವರು ನಿಮಗೂ ಮಾರಲು ಬರುತ್ತಾರೆ. ಪಾಸ್ ಇದ್ದರೂ ವೀಲ್‌ಚೇರ್ ಜಾಗವನ್ನು ಬೇರೆ ಕಾಯ್ದಿರಿಸಲೇಬೇಕು. ಎರಡೇ ಉದ್ದ ಪ್ರಯಾಣಕ್ಕೆ ಅದು ಗಿಟ್ಟುವುದಿಲ್ಲ.

ಟಾಯ್ಲೆಟ್ ವಿಷಯ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬೇಕು. ರೈಲಿನ ದೊಡ್ಡ ಟಾಯ್ಲೆಟ್‌ನ ಬಾಗಿಲು ಗುಂಡಿ ಒತ್ತಿದರೆ ತೆರೆಯುತ್ತದೆ, ಇನ್ನೊಂದು ಗುಂಡಿಗೆ ಮುಚ್ಚುತ್ತದೆ, ಮೂರನೆಯದು ಚಿಲಕ. ಆ ಮೂರನೆಯದನ್ನು ಒತ್ತದೆ ಕೂತವರ ಪಾಡು ಕೇಳಬೇಡಿ. ನೀರಿನ ಜೆಟ್ ಇರುವುದಿಲ್ಲ, ಒಂದು ಬಾಟಲಿ ಜೊತೆಗಿರಲಿ. ಹತ್ತಿದ ಮೇಲೆ ಟಾಯ್ಲೆಟ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಿ. ಕೆಟ್ಟಿದ್ದರೆ ರೈಲು ಹೊರಡುವ ಮುಂಚೆ ಗಾರ್ಡ್‌ಗೆ ಹೇಳಿ. ಊರೊಳಗಿನ ಅನೇಕ ಅಂಗವಿಕಲರ ಟಾಯ್ಲೆಟ್‌ಗಳಿಗೆ ಬೀಗ ಇರುತ್ತದೆ. ದೇಶದ ಸಾವಿರಾರು ಬೀಗಗಳಿಗೂ ನಡೆಯುವ ಒಂದೇ "ರಾಡಾರ್ ಕೀ" ಇದೆ, ಕೆಲವೇ ಪೌಂಡು. ತಂಗಿ ಮೊದಲೇ ತರಿಸಿಡಲಿ.

ವೇವರ್ಲಿ ನಿಲ್ದಾಣ ಕಣಿವೆಯ ತಳದಲ್ಲಿದೆ, ಊರು ಎರಡೂ ಕಡೆ ಮೇಲಿದೆ. ಪ್ರಿನ್ಸೆಸ್ ಸ್ಟ್ರೀಟ್‌ಗೆ ಹತ್ತುವ ವೇವರ್ಲಿ ಸ್ಟೆಪ್ಸ್ ಕಡೆ ಜನ ಹೋಗುತ್ತಾರೆಂದು ನೀವೂ ಹೋಗಬೇಡಿ, ಹೆಸರೇ ಹೇಳುವಂತೆ ಅದು ಮೆಟ್ಟಿಲ ದಾರಿ. ನೆರವಿನವರಿಗೆ "ಟ್ಯಾಕ್ಸಿ" ಎಂದರೆ ಲಿಫ್ಟ್ ಮೂಲಕ ಸರಿಯಾದ ಬಾಗಿಲಿಗೆ ಬಿಡುತ್ತಾರೆ. ಆ ಊರಿನ ಟ್ರಾಮ್‌ಗೆ ಕುರ್ಚಿ ಸೀದಾ ಹೋಗುತ್ತದೆ. ಹಳೇ ಊರಿನ ರಾಯಲ್ ಮೈಲ್ ಬೀದಿಯ ಕಡೆ ಏರು, ಕಲ್ಲುಹಾಸು ಎರಡೂ ಇವೆ. ಒಬ್ಬರೇ ತಳ್ಳುವ ಸಾಹಸ ಬೇಡ.

ಬಸವಣ್ಣನ ಪ್ರತಿಮೆ ಇರುವುದು ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಹೊಳೆಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ, ದಂಡೆಯ ಕಾಲುದಾರಿ ಅಗಲ, ಸಮತಟ್ಟು. ಕಿಂಗ್ಸ್ ಕ್ರಾಸ್‌ನಿಂದ ಟ್ಯೂಬ್‌ನಲ್ಲಿ ಹೋಗಬಹುದು, ವಾಕ್ಸ್‌ಹಾಲ್ ನಿಲ್ದಾಣಕ್ಕೆ ಮೆಟ್ಟಿಲಿಲ್ಲದ ದಾರಿ ಇದೆ. ನಾನಾದರೆ ಬಸ್ಸಿನಲ್ಲಿ ಹೋಗುತ್ತೇನೆ, ಅಮ್ಮನಿಗೆ ಊರು ಕಾಣುತ್ತದೆ. ಲಂಡನ್ನಿನ ಬಸ್ಸುಗಳ ನಡುಬಾಗಿಲಿಂದ ರಾಂಪ್ ತಾನಾಗಿ ಹೊರಬರುತ್ತದೆ, ಆ ಬಾಗಿಲ ಹತ್ತಿರದ ನೀಲಿ ಗುಂಡಿ ಒತ್ತಿ ಚಾಲಕನಿಗೆ ಕಾಣುವಂತೆ ನಿಲ್ಲಿ. ಒಂದು ಬಸ್ಸಿಗೆ ವೀಲ್‌ಚೇರ್ ಜಾಗ ಒಂದೇ, ತುಂಬಿದ್ದರೆ ಮುಂದಿನದು. ವೀಲ್‌ಚೇರ್‌ನಲ್ಲಿ ಇರುವವರಿಗೆ ಟಿಕೆಟ್ ಇಲ್ಲ. ನಿಮಗಿಬ್ಬರಿಗೆ ಇದೆ, ಮತ್ತು ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಕಾರ್ಡ್ ವಿದೇಶದಲ್ಲಿ ನಡೆಯುವಂತೆ ದಾವಣಗೆರೆಯಲ್ಲೇ ಮಾಡಿಸಿಕೊಂಡು ಹೊರಡಿ, ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ.